ಹಳೆ ಕಾಗದ ಎಲ್ಲಿಡೋದು? ಸ್ವಂತ ಸರ್ವರ್‌ನ ನಾಲ್ಕು ದಾರಿ ನೋಡಿದ ಕಥೆ

ಹಳೆ ಕಾಗದದ ಫೋಟೊ ತೆಗೆಯೋದು ಎರಡು ನಿಮಿಷದ ಕೆಲಸ. ಆ ಫೋಟೊವನ್ನು ಇಪ್ಪತ್ತು ವರ್ಷ ಜೋಪಾನ ಮಾಡೋದು, ಬೇಕಾದ ದಿನ ಬೇಕಾದವರ ಕೈಗೆ ಕೊಡೋದು ಬೇರೆಯೇ ಕೆಲಸ. ನಾವು ಹುಂಚ ಸುತ್ತಮುತ್ತ ಓಡಾಡಿ ಸುದ್ದಿ ಮಾಡುವವರು. ನಮ್ಮ ಜೊತೆ ಡಿಪ್ಲೊಮಾ ಓದಿದ ಇಬ್ಬರು, ಒಬ್ಬರು ಸಾಗರದ ಕಡೆ, ಇನ್ನೊಬ್ಬರು ತೀರ್ಥಹಳ್ಳಿ ಕಡೆ ಇದ್ದಾರೆ. ಮೂವರೂ ಸೇರಿ ಈ ಎರಡನೇ ಕೆಲಸಕ್ಕೆ ಒಂದು ದಾರಿ ಹುಡುಕಿದೆವು. ಏನೇನು ನೋಡಿದೆವು, ಯಾವುದು ನಮ್ಮ ಊರಿಗೆ ಹೊಂದಿತು, ಯಾವುದು ಹೊಂದಲಿಲ್ಲ ಅನ್ನೋದನ್ನು ಇಲ್ಲಿ ಬರೆದಿದ್ದೇವೆ. ಕಂಪ್ಯೂಟರ್ ಗೊತ್ತಿಲ್ಲದವರಿಗೂ ಅರ್ಥ ಆಗಲಿ ಅಂತ ನಿಧಾನಕ್ಕೇ ಹೇಳ್ತೇವೆ.

ಯಾಕೆ ಈ ಕಾಗದ

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದು ನಿಂತಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ಅಲ್ಲಿಂದ ಎದ್ದವರನ್ನು ಜಿಲ್ಲೆಯ ಬೇರೆ ಬೇರೆ ಕಡೆ ತಂದು ಬಿಟ್ಟರು. ಅನೇಕರಿಗೆ ಸಿಕ್ಕಿದ್ದು ದಾಖಲೆಯಲ್ಲಿ ಇವತ್ತಿಗೂ 'ಅರಣ್ಯ' ಅಂತಲೇ ಇರುವ ಜಾಗ. ಮನೆ ಕಟ್ಟಿ, ಅಡಿಕೆ ಹಾಕಿ, ಮಕ್ಕಳು ಮೊಮ್ಮಕ್ಕಳು ಆದರೂ ಪಹಣಿಯಲ್ಲಿ ಹೆಸರಿಲ್ಲ. ಸರ್ಕಾರ ಒಂದಷ್ಟು ಜಾಗವನ್ನು ಡಿನೋಟಿಫಿಕೇಶನ್ ಮಾಡಿತ್ತು. 2021ರಲ್ಲಿ ಹೈಕೋರ್ಟ್ ಆದೇಶದ ಹಿನ್ನೆಲೆಯಲ್ಲಿ ಅವೂ ರದ್ದಾದವು.

ಇನ್ನು 2006ರ ಅರಣ್ಯ ಹಕ್ಕು ಕಾಯ್ದೆ. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು ಅಲ್ಲೇ ಇದ್ದರು ಅಂತ ತೋರಿಸಬೇಕು. ಒಂದು ತಲೆಮಾರಿಗೆ 25 ವರ್ಷದಂತೆ 75 ವರ್ಷ. ಅಂದರೆ 1930ರ ಲೆಕ್ಕ. ಮುಳುಗಡೆಯಿಂದ ಬಂದವರು ಈಗಿನ ಊರಿಗೆ ಕಾಲಿಟ್ಟಿದ್ದೇ 1960ರ ಆಸುಪಾಸಿನಲ್ಲಿ. ಹಾಗಾಗಿ ಈಗಿನ ಊರಿನ ಕಾಗದ ಸಾಲೋದಿಲ್ಲ. ಮುಳುಗಿದ ಊರಿನ ಕಂದಾಯ ರಸೀದಿ, ಪರಿಹಾರದ ನೋಟಿಸು, ಶಾಲೆಯ ದಾಖಲಾತಿ ಚೀಟಿ ಇಂಥದ್ದೇ ಅವರಿಗಿರುವ ಹಿಡಿ. ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದನ್ನೂ ಸಾಕ್ಷಿಯಾಗಿ ಕೊಡಬಹುದು ಅಂತ ಆ ಕಾಯ್ದೆಯ ನಿಯಮದಲ್ಲಿದೆ. ಅಂಥ ಹಿರಿಯರು ವರ್ಷವರ್ಷ ಕಡಿಮೆ ಆಗ್ತಿದ್ದಾರೆ.

ತಾಲ್ಲೂಕು ಕಚೇರಿಯ ಹಳೆ ಕಡತಗಳನ್ನು ಸರ್ಕಾರವೇ ಭೂಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿಸ್ತಿದೆ, ಒಳ್ಳೆಯ ಕೆಲಸ. ಆದರೆ ಮನೆಯ ಟ್ರಂಕಿನಲ್ಲಿರುವ ಕಾಗದವನ್ನು ಯಾರೂ ಸ್ಕ್ಯಾನ್ ಮಾಡೋದಿಲ್ಲ. ಮಲೆನಾಡಿನ ಮಳೆಗಾಲ ಗೊತ್ತಲ್ಲ. ನಾಲ್ಕು ತಿಂಗಳು ಗೋಡೆ ಬೆವರ್ತದೆ, ಕಾಗದಕ್ಕೆ ಬೂಸ್ಟು ಹಿಡೀತದೆ, ಒರಲೆ ಹತ್ತಿದರೆ ಒಂದೇ ವಾರ ಸಾಕು. ಲ್ಯಾಮಿನೇಶನ್ ಮಾಡಿಸಿದ ಕಾಗದದ ಒಳಗೂ ಅಕ್ಷರ ಮಾಸಿದ್ದನ್ನು ನಾವು ನೋಡಿದ್ದೇವೆ. ಅದಕ್ಕೇ ಸುದ್ದಿಗೆ ಹೋದಲ್ಲೆಲ್ಲ ಮನೆಯವರನ್ನು ಕೇಳಿ ಕಾಗದದ ಫೋಟೊ ತೆಗೆಯೋದು, ಹಿರಿಯರ ಮಾತು ರೆಕಾರ್ಡ್ ಮಾಡೋದು ರೂಢಿ ಆಯಿತು. ಫೋನಿನ ಒಂದು ಫೋಟೊ 4 ಎಂ.ಬಿ. ಅಂತ ಹಿಡಿದರೆ ಸಾವಿರ ಫೋಟೊಗೆ 4 ಜಿ.ಬಿ. ಧ್ವನಿ, ವಿಡಿಯೊ ಸೇರಿದರೆ ಫೋನ್ ತುಂಬೋಕೆ ಹೆಚ್ಚು ದಿನ ಬೇಡ.

ಈಗ ಎಲ್ಲಿಡ್ತಿದ್ದೇವೆ

ನಮ್ಮಲ್ಲಿ ಹೆಚ್ಚಿನವರ ದಾಖಲೆ ಪೆಟ್ಟಿಗೆ ಅಂದರೆ ವಾಟ್ಸ್ಆ್ಯಪ್. ಮಗನಿಗೆ ಕಳಿಸಿದರೆ ಇದ್ದ ಹಾಗೆ ಅನ್ನೋ ಧೈರ್ಯ. ಆದರೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿ ಹೋಗ್ತದೆ. ಯಾವತ್ತು ತೆಗೆದ ಫೋಟೊ ಅನ್ನೋ ಒಳಗಿನ ಮಾಹಿತಿಯೂ ಉದುರಿ ಹೋಗ್ತದೆ. ಮಾಸಿದ ಶಾಯಿಯ ಕಂದಾಯ ರಸೀದಿಯನ್ನು ಹಾಗೆ ಎರಡು ಸಲ ಕಳಿಸಿ ನೋಡಿ, ಸರ್ವೆ ನಂಬರಿನ 3 ಯಾವುದು 8 ಯಾವುದು ಗೊತ್ತಾಗೋದಿಲ್ಲ. ಕಳಿಸಲೇಬೇಕಿದ್ದರೆ 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ, ಆಗ ಇದ್ದಂತೇ ಹೋಗ್ತದೆ.

ಎರಡನೇದು ಗೂಗಲ್. 2021ರ ಜೂನ್ 1ರ ತನಕ ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ಹಾಕಬಹುದಿತ್ತು. ಆಮೇಲೆ ಮೇಲ್, ಡ್ರೈವ್, ಫೋಟೊ ಎಲ್ಲಾ ಸೇರಿ 15 ಜಿ.ಬಿ. ಮಾತ್ರ. ಮೀರಿದರೆ ಬಾಡಿಗೆ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಅಳಿಸಬಹುದು ಅನ್ನೋ ನಿಯಮವೂ ಈಗ ಇದೆ. ಹಳ್ಳಿಯಲ್ಲಿ ಅರ್ಧಕ್ಕರ್ಧ ಜಿಮೇಲ್ ಖಾತೆ ಮೊಬೈಲ್ ಅಂಗಡಿಯಲ್ಲೇ ಹುಟ್ಟಿದ್ದು. ಪಾಸ್‌ವರ್ಡ್ ಮನೆಯವರಿಗೆ ಗೊತ್ತಿರೋದಿಲ್ಲ. ಫೋನ್ ಬದಲಾದ ದಿನ ಖಾತೆಯೂ ಹೊಸದು, ಹಳೆಯದು ಅನಾಥ. ಅದರಲ್ಲಿದ್ದ ಕಾಗದವೂ ಅನಾಥ.

ಇದರಲ್ಲಿ ಗೂಗಲ್ ಕೆಟ್ಟದ್ದು ಅನ್ನೋ ಮಾತಿಲ್ಲ. ನಮ್ಮ ಸುದ್ದಿಯೂ ದಿನಾ ಅದರಲ್ಲೇ ಹೋಗ್ತದೆ. ಆದರೆ ಬೇರೆಯವರ ಮನೆಯ ಕಾಗದ, ಅದರಲ್ಲೂ ಆಧಾರ್ ಸಂಖ್ಯೆ, ಜಾಗದ ತಕರಾರು, ಅಣ್ಣತಮ್ಮಂದಿರ ಪಾಲಿನ ವಿಷಯ ಇರುವ ಕಾಗದವನ್ನು ನಮ್ಮ ಹೆಸರಿನ ಖಾತೆಗೆ ಹಾಕೋದು ಸರಿ ಕಾಣಲಿಲ್ಲ.

ಸ್ವಂತ ಸರ್ವರ್ ಅಂದರೇನು

ಸರ್ವರ್ ಅಂದ ಕೂಡಲೇ ದೊಡ್ಡ ಎ.ಸಿ. ಕೋಣೆ ಕಣ್ಣಿಗೆ ಬರ್ತದೆ. ಅಷ್ಟೆಲ್ಲ ಬೇಡ. ಹಗಲೂ ರಾತ್ರಿ ಚಾಲೂ ಇದ್ದು, ಬೇರೆ ಫೋನು ಕಂಪ್ಯೂಟರುಗಳು ಕೇಳಿದಾಗ ಫೈಲ್ ಕೊಡುವ ಯಾವುದೇ ಕಂಪ್ಯೂಟರ್ ಸರ್ವರೇ. ನಾವು ಬಳಸಿದ್ದು ಕೀಬೋರ್ಡಿನ ಕೆಲವು ಕೀ ಹೋಗಿದ್ದ ಹಳೆ ಲ್ಯಾಪ್‌ಟಾಪ್, ಅದಕ್ಕೊಂದು ಹೊರಗಿನ ಹಾರ್ಡ್ ಡಿಸ್ಕ್. 20 ವ್ಯಾಟ್ ಎಳೀತದೆ ಅಂತ ಲೆಕ್ಕ ಹಾಕಿದರೆ ತಿಂಗಳಿಗೆ 14 ಯೂನಿಟ್ ಚಿಲ್ಲರೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಇದಕ್ಕಿಂತ ತುಂಬಾ ಕಡಿಮೆ ವಿದ್ಯುತ್ ತಿಂತದೆ. ಆದರೂ ಹಳೆ ಲ್ಯಾಪ್‌ಟಾಪೇ ನಮಗೆ ಅನುಕೂಲ ಆಯಿತು, ಯಾಕಂದರೆ ಅದಕ್ಕೆ ಬ್ಯಾಟರಿ ಇದೆ. ಕರೆಂಟ್ ಹೋದ ಕೂಡಲೇ ದಪ್ಪಂತ ಆಫ್ ಆದರೆ ಡಿಸ್ಕಿನಲ್ಲಿ ಬರೆಯುತ್ತಿದ್ದ ಫೈಲ್ ಕೆಡ್ತದೆ. ಜೂನ್ ಜುಲೈನಲ್ಲಿ ಕರೆಂಟ್ ದಿನಕ್ಕೆಷ್ಟು ಸಲ ಹೋಗ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಇದರಲ್ಲಿ ಹಾಕುವ ತಂತ್ರಾಂಶ ಓಪನ್ ಸೋರ್ಸ್. ಅಂದರೆ ಅದರ ಒಳಗಿನ ಬರಹ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಮಾಡಿದವರು ಕೈಬಿಟ್ಟರೂ ಬೇರೆಯವರು ಎತ್ತಿಕೊಂಡು ಮುಂದುವರಿಸಬಹುದು. ಈ ಕೊನೆಯ ಮಾತು ಮುಖ್ಯ, ಮುಂದೆ ಒಂದು ಉದಾಹರಣೆ ಬರ್ತದೆ.

ಒಂದು ತೊಡಕು ಮೊದಲೇ ಹೇಳಬೇಕು. ಮೊಬೈಲ್ ಇಂಟರ್‌ನೆಟ್ಟಿನಲ್ಲಿ ನಮ್ಮ ಮನೆಗೆ ಅಂತ ಪ್ರತ್ಯೇಕ ವಿಳಾಸ ಸಾಮಾನ್ಯವಾಗಿ ಸಿಗೋದಿಲ್ಲ. ಒಂದೇ ವಿಳಾಸವನ್ನು ಕಂಪನಿ ಎಷ್ಟೋ ಗ್ರಾಹಕರಿಗೆ ಹಂಚಿರ್ತದೆ. ಒಳಗಿನಿಂದ ಹೊರಗೆ ಹೋಗೋಕೆ ದಾರಿ ಇದೆ, ಹೊರಗಿನವರು ನೇರ ನಮ್ಮ ಬಾಗಿಲಿಗೆ ಬರೋಕೆ ಇಲ್ಲ. ಹಾಗಾಗಿ ಹುಂಚದ ಮನೆಯಲ್ಲಿಟ್ಟ ಸರ್ವರನ್ನು ಸಾಗರದಿಂದ ತೆರೆಯಬೇಕಾದರೆ ನಡುವೆ ಇನ್ನೊಂದು ವ್ಯವಸ್ಥೆ ಬೇಕಾಗ್ತದೆ. ನಾಲ್ಕು ತಂತ್ರಾಂಶಗಳಲ್ಲಿ ಯಾವುದು ಹಳ್ಳಿಗೆ ಹೊಂದುತ್ತದೆ ಅನ್ನೋದನ್ನು ಅರ್ಧ ತೀರ್ಮಾನ ಮಾಡಿದ್ದು ಈ ತೊಡಕೇ.

ನೆಕ್ಸ್ಟ್‌ಕ್ಲೌಡ್

ಇದು ನಾಲ್ವರಲ್ಲಿ ದೊಡ್ಡಣ್ಣ. ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್ 2010ರಲ್ಲಿ ಓನ್‌ಕ್ಲೌಡ್ ಅಂತ ಶುರು ಮಾಡಿದರು, 2016ರಲ್ಲಿ ಅದರಿಂದ ಕವಲೊಡೆದು ನೆಕ್ಸ್ಟ್‌ಕ್ಲೌಡ್ ಮಾಡಿದರು. ನೋಡೋಕೆ ಗೂಗಲ್ ಡ್ರೈವ್ ಇದ್ದ ಹಾಗೇ ಇದೆ. ಫೋನಿಗೆ ಆ್ಯಪ್ ಇದೆ, ತೆಗೆದ ಫೋಟೊ ತಾನಾಗೇ ಸರ್ವರಿಗೆ ಹೋಗುವಂತೆ ಇಡಬಹುದು.

ನಮಗೆ ಇಷ್ಟವಾದದ್ದು ಹಂಚಿಕೆ. ಒಂದು ಕಡತದ ಲಿಂಕ್ ಕೊಟ್ಟು ಅದಕ್ಕೆ ಪಾಸ್‌ವರ್ಡ್ ಹಾಕಬಹುದು, ಇಂಥ ದಿನದ ತನಕ ಮಾತ್ರ ತೆರೀತದೆ ಅಂತ ಗಡುವು ಇಡಬಹುದು. ವಕೀಲರಿಗೆ ಹದಿನೈದು ದಿನ ತೋರಿಸಿ ಆಮೇಲೆ ಮುಚ್ಚಬಹುದು. ಇನ್ನೊಂದು ಬಗೆಯ ಲಿಂಕ್ ಇದೆ. ಅದರಲ್ಲಿ ಬೇರೆಯವರು ಫೈಲ್ ಹಾಕಬಹುದು, ಒಳಗೆ ಏನಿದೆ ಅಂತ ನೋಡೋಕಾಗೋದಿಲ್ಲ. ದೇವಸ್ಥಾನದ ಹುಂಡಿಯ ಹಾಗೆ. ಹತ್ತು ಮನೆಯವರು ಒಂದೇ ಲಿಂಕಿನಲ್ಲಿ ಕಾಗದ ಕಳಿಸಿದರೂ ಒಬ್ಬರದ್ದು ಇನ್ನೊಬ್ಬರಿಗೆ ಕಾಣೋದಿಲ್ಲ. ಫೈಲ್‌ಗಳು ಡಿಸ್ಕಿನಲ್ಲಿ ಅದೇ ಹೆಸರಿನಲ್ಲಿ, ಸಾಮಾನ್ಯ ಫೈಲ್ ಆಗೇ ಕೂತಿರ್ತವೆ. ನಾಳೆ ಸರ್ವರ್ ಕೆಟ್ಟರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ತೆರೆಯಬಹುದು.

ಕಷ್ಟ ಏನೆಂದರೆ ಇದಕ್ಕೆ ಆರೈಕೆ ಜಾಸ್ತಿ. ಫೈಲ್ ಬೇರೆ, ಅದರ ಲೆಕ್ಕ ಇಡುವ ಡೇಟಾಬೇಸ್ ಬೇರೆ, ವೆಬ್ ಸರ್ವರ್ ಬೇರೆ. ಮೂರನ್ನೂ ನೋಡಿಕೊಳ್ಳಬೇಕು. ಹೊಸ ಆವೃತ್ತಿ ವರ್ಷದಲ್ಲಿ ಎರಡು ಮೂರು ಸಲ ಬರ್ತದೆ. ನಡುವಿನ ಆವೃತ್ತಿ ಹಾರಿಸಿ ಮುಂದಿನದಕ್ಕೆ ನೆಗೆಯೋಕೆ ಬಿಡೋದಿಲ್ಲ, ಒಂದೊಂದೇ ಮೆಟ್ಟಿಲು ಹತ್ತಬೇಕು. ಇಂಟರ್‌ನೆಟ್ಟಿಗೆ ತೆರೆದಿಟ್ಟು ಹೊಸ ಆವೃತ್ತಿ ಹಾಕದೇ ಬಿಟ್ಟರೆ ಕಳ್ಳರಿಗೆ ಬಾಗಿಲು ತೆರೆದಿಟ್ಟ ಹಾಗೆ. ಅಡಿಕೆ ಕೊಯ್ಲಿನ ಎರಡು ತಿಂಗಳು ಯಾರೂ ಕಡೆಗಣ್ಣಲ್ಲೂ ನೋಡದ ಯಂತ್ರಕ್ಕೆ ಇದು ಹೊಂದೋದಿಲ್ಲ. ಮೇಲಾಗಿ ಹೊರಗಿನವರು ಲಿಂಕ್ ತೆರೆಯಬೇಕಾದರೆ ಮೊದಲು ಹೇಳಿದ ವಿಳಾಸದ ತೊಡಕು ಅಡ್ಡ ಬರ್ತದೆ. ಸರಿಯಾದ ವಿಳಾಸದ ಸಂಪರ್ಕ ತಗೋಬೇಕು, ಇಲ್ಲವೇ ಪೇಟೆಯಲ್ಲೆಲ್ಲೋ ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿಯಬೇಕು.

ಸೀಫೈಲ್

ಚೀನಾದ ತಂಡವೊಂದು ಕಟ್ಟಿದ್ದು. ವೇಗದಲ್ಲಿ ಇದನ್ನು ಮೀರಿಸಿದ್ದು ನಮಗೆ ಕಾಣಲಿಲ್ಲ. ಫೈಲನ್ನು ಇದು ತುಂಡು ತುಂಡಾಗಿ ಮಾಡಿ ಇಡ್ತದೆ. ದೊಡ್ಡ ಫೈಲಿನಲ್ಲಿ ಒಂದು ಮೂಲೆ ಬದಲಾದರೆ ಆ ತುಂಡನ್ನಷ್ಟೇ ಕಳಿಸ್ತದೆ, ಇಡೀ ಫೈಲನ್ನಲ್ಲ. ಸಿಗ್ನಲ್ ಎರಡು ಕಡ್ಡಿ ಬರುವ ಜಾಗದಲ್ಲಿ ಇದು ದೊಡ್ಡ ಉಪಕಾರ. ಹಳೆ ಯಂತ್ರದಲ್ಲೂ ಹಗುರವಾಗಿ ಓಡ್ತದೆ.

ಆದರೆ ಅದೇ ತುಂಡುಗಳೇ ನಮಗೆ ಹಿಂಜರಿಕೆ ತಂದವು. ಡಿಸ್ಕ್ ಬಿಚ್ಚಿ ನೋಡಿದರೆ 'ಕಂದಾಯ ರಸೀದಿ' ಅಂತ ಯಾವ ಫೈಲೂ ಕಾಣೋದಿಲ್ಲ. ಅರ್ಥವಾಗದ ಹೆಸರಿನ ಸಾವಿರಾರು ತುಂಡುಗಳು ಮಾತ್ರ. ಅವನ್ನು ಮತ್ತೆ ಫೈಲ್ ಮಾಡೋಕೆ ಸೀಫೈಲ್‌ನದ್ದೇ ಸಾಧನ ಬೇಕು. ಸಾಧನ ಇದೆ, ಕೆಲಸವೂ ಮಾಡ್ತದೆ. ಆದರೆ ಅದನ್ನು ಓಡಿಸೋಕೆ ಗೊತ್ತಿದ್ದವರು ಬೇಕಲ್ಲ? ಹತ್ತು ಜನ ದಿನಾ ಕೆಲಸ ಮಾಡುವ ಆಫೀಸಿಗೆ, ನೋಡಿಕೊಳ್ಳೋಕೆ ಒಬ್ಬರು ಇರುವ ಕಡೆ ಸೀಫೈಲ್ ಒಳ್ಳೆಯದು. ನಾವು ಊರಲ್ಲಿಲ್ಲದಾಗಲೂ ಮನೆಯವರಿಗೆ ಕಾಗದ ಸಿಗಬೇಕು ಅನ್ನೋ ಕಡೆ ಅಲ್ಲ.

ಸಿಂಕ್‌ಥಿಂಗ್

ಇದರಲ್ಲಿ ನಡುವಿನ ಸರ್ವರೇ ಇಲ್ಲ. ಸ್ವೀಡನ್‌ನ ಯಾಕೋಬ್ ಬೋರ್ಗ್ 2013ರಲ್ಲಿ ಶುರು ಮಾಡಿದ್ದು. ಹುಂಚದ ಲ್ಯಾಪ್‌ಟಾಪಿನ ಒಂದು ಫೋಲ್ಡರ್, ಸಾಗರದ ಕಂಪ್ಯೂಟರಿನ ಒಂದು ಫೋಲ್ಡರ್, ತೀರ್ಥಹಳ್ಳಿಯ ಇನ್ನೊಂದು. ಮೂರೂ ಒಂದೇ ಥರ ಇರುವಂತೆ ಅವು ತಮ್ಮತಮ್ಮಲ್ಲೇ ಮಾತಾಡಿಕೊಳ್ತವೆ. ಪ್ರತಿ ಯಂತ್ರಕ್ಕೆ ಉದ್ದನೆಯ ಒಂದು ಗುರುತು ಸಂಖ್ಯೆ ಇರ್ತದೆ. ಎರಡೂ ಕಡೆಯವರು ಒಪ್ಪಿಕೊಂಡರೆ ಮಾತ್ರ ಸಂಪರ್ಕ. ನೇರ ದಾರಿ ಸಿಗದಿದ್ದರೆ ಸ್ವಯಂಸೇವಕರು ನಡೆಸುವ ರಿಲೇ ಯಂತ್ರಗಳ ಮೂಲಕ ಹೋಗ್ತದೆ. ದಾರಿಯುದ್ದಕ್ಕೂ ಬೀಗ ಹಾಕಿದ ಪೆಟ್ಟಿಗೆಯೇ, ನಡುವಿನವರಿಗೆ ಒಳಗಿದ್ದದ್ದು ಕಾಣೋದಿಲ್ಲ. ಹಾಗಾಗಿ ವಿಳಾಸದ ತೊಡಕು ಇಲ್ಲಿ ಹೆಚ್ಚುಕಮ್ಮಿ ಕರಗಿ ಹೋಯಿತು. ಕರೆಂಟ್ ಹೋಗಿ ಹುಂಚದ ಯಂತ್ರ ಎರಡು ದಿನ ಮಲಗಿದರೂ ಸಾಗರ, ತೀರ್ಥಹಳ್ಳಿಯ ಪ್ರತಿಗಳು ಎದ್ದಿರ್ತವೆ. ಎದ್ದ ಮೇಲೆ ತಾನಾಗೇ ಸರಿ ಮಾಡಿಕೊಳ್ತದೆ.

ಕಳೆದ ಮಳೆಗಾಲದ ಮೊದಲ ಗುಡುಗಿಗೆ ಸಿಡಿಲಿನ ಪೆಟ್ಟು ತಂತಿಯಲ್ಲಿ ಬಂದು ಹುಂಚದ ಕಡೆಯ ರೂಟರ್ ಸುಟ್ಟಿತು, ಲ್ಯಾಪ್‌ಟಾಪಿನ ಚಾರ್ಜರೂ ಹೋಯಿತು. ಹೊಸದು ತರೋಕೆ ಒಂದು ವಾರ ಹಿಡಿಯಿತು. ಆ ವಾರದಲ್ಲೇ ಒಬ್ಬರಿಗೆ ಕಂದಾಯ ರಸೀದಿಯ ಪ್ರತಿ ಬೇಕಾಯಿತು. ಸಾಗರದ ಗೆಳೆಯರು ತಮ್ಮ ಕಂಪ್ಯೂಟರಿನಿಂದ ತೆಗೆದು ಪ್ರಿಂಟ್ ಹಾಕಿ ಬಸ್ಸಿಗೆ ಕೊಟ್ಟು ಕಳಿಸಿದರು.

ಎಚ್ಚರ ವಹಿಸಬೇಕಾದ ವಿಷಯವೂ ಇದೆ. ಸಿಂಕ್‌ಥಿಂಗ್ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದರೆ ಎಲ್ಲಾ ಕಡೆ ಅಳೀತದೆ. ಪರೀಕ್ಷೆಗೆ ಅಂತ ಒಂದು ಖಾಲಿ ಫೈಲ್ ಇಟ್ಟು ಬೇಕಂತಲೇ ಅಳಿಸಿ ನೋಡಿದೆವು. ನಿಮಿಷದೊಳಗೆ ಮೂರೂ ಕಡೆ ಮಾಯ. ಇದಕ್ಕೆ ಪರಿಹಾರ ಅದರಲ್ಲೇ ಇದೆ. ಹಳೆ ಆವೃತ್ತಿ ಉಳಿಸಿಕೊಳ್ಳುವ ಆಯ್ಕೆ ಹಾಕಿಟ್ಟರೆ ಬೇರೆ ಕಡೆಯಿಂದ ಅಳಿಸಿದ ಫೈಲ್ ನಮ್ಮಲ್ಲಿ ಪಕ್ಕದ ಫೋಲ್ಡರಿನಲ್ಲಿ ಕೂತಿರ್ತದೆ. ಅದನ್ನು ಹಾಕದೇ ಯಾರೂ ಇದನ್ನು ಶುರು ಮಾಡಬೇಡಿ. ಒಂದೇ ಫೈಲನ್ನು ಎರಡು ಕಡೆ ಒಟ್ಟಿಗೆ ತಿದ್ದಿದರೆ ಎರಡು ಪ್ರತಿ ಆಗ್ತದೆ. ನಮ್ಮದು ತಿದ್ದುವ ಫೈಲಲ್ಲ, ಇಡುವ ಫೈಲ್. ಹಾಗಾಗಿ ಆ ತೊಂದರೆ ಬರಲಿಲ್ಲ.

ಆಂಡ್ರಾಯ್ಡ್ ಫೋನಿನ ಮೂಲ ಸಿಂಕ್‌ಥಿಂಗ್ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತಿತು. ಬೇರೆಯವರು ಕವಲು ತೆಗೆದು ಸಿಂಕ್‌ಥಿಂಗ್ ಫೋರ್ಕ್ ಅನ್ನೋ ಹೆಸರಲ್ಲಿ ಮುಂದುವರಿಸಿದರು. ಓಪನ್ ಸೋರ್ಸ್ ಅಲ್ಲದ ಆ್ಯಪ್ ಆಗಿದ್ದರೆ ಅಲ್ಲಿಗೆ ಮುಗೀತಿತ್ತು. ಮೊದಲು ಹೇಳ್ತೇವೆ ಅಂದ ಉದಾಹರಣೆ ಇದೇ. ಜೊತೆಗೆ ಇದು ಎಚ್ಚರಿಕೆಯೂ ಹೌದು. ಪುಕ್ಕಟೆ ದುಡಿಯುವ ಒಬ್ಬಿಬ್ಬರ ಬಿಡುವಿನ ಮೇಲೆ ಇಂಥ ಎಷ್ಟೋ ಕೆಲಸ ನಿಂತಿದೆ.

ಲೋಕಲ್‌ಸೆಂಡ್

ಇದು ಇಡೋದಕ್ಕಲ್ಲ, ದಾಟಿಸೋದಕ್ಕೆ. ಒಂದೇ ವೈಫೈ ಅಥವಾ ಹಾಟ್‌ಸ್ಪಾಟಿನಲ್ಲಿರುವ ಎರಡು ಫೋನುಗಳ ನಡುವೆ ಇಂಟರ್‌ನೆಟ್ ಇಲ್ಲದೇ ಫೈಲ್ ಕಳಿಸ್ತದೆ. ಫೋಟೊ ಕುಗ್ಗೋದಿಲ್ಲ, ಡೇಟಾ ಖರ್ಚಾಗೋದಿಲ್ಲ, ಖಾತೆ ಬೇಡ, ಪಾಸ್‌ವರ್ಡ್ ಬೇಡ. ಜಗಲಿಯಲ್ಲಿ ಕೂತು ಫೋಟೊ ತೆಗೆದು, ಏಳುವ ಮೊದಲೇ ಆ ಮನೆಯವರ ಫೋನಿಗೆ ಅಷ್ಟೂ ಫೋಟೊ ದಾಟಿಸಿ ಬರಬಹುದು. ನಾಲ್ಕರಲ್ಲಿ ನೀವು ಇವತ್ತೇ ಹಾಕಿಕೊಳ್ಳಬಹುದಾದದ್ದು ಇದೊಂದೇ.

ಕನ್ನಡ ಹೆಸರಿನ ಲೆಕ್ಕ

ಎಲ್ಲದರಲ್ಲೂ ಕನ್ನಡದಲ್ಲೇ ಫೈಲಿಗೆ ಹೆಸರಿಡಬಹುದು, ಹುಡುಕಬಹುದು. ಆದರೆ ಒಂದು ಮಿತಿ ಗೊತ್ತಿರಲಿ. ಲಿನಕ್ಸ್ ಡಿಸ್ಕಿನಲ್ಲಿ ಸಾಮಾನ್ಯವಾಗಿ ಒಂದು ಫೈಲ್ ಹೆಸರು 255 ಬೈಟ್ ದಾಟುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಬೇಕು. ಅಂದರೆ 85 ಚಿಹ್ನೆ. 'ಸ್ತ್ರೀ' ಅನ್ನೋ ಒಂದೇ ಅಕ್ಷರ ಬಿಡಿಸಿದರೆ ಆರು ಚಿಹ್ನೆ ಆಗ್ತದೆ. ಹಾಗಾಗಿ ವಿಂಡೋಸ್ ಕಂಪ್ಯೂಟರಿನಲ್ಲಿ ಊರು, ಅಜ್ಜನ ಹೆಸರು, ಮನೆತನ, ವರ್ಷ ಎಲ್ಲಾ ಸೇರಿಸಿ ಉದ್ದ ಹೆಸರಿಟ್ಟರೆ ಅದು ಲಿನಕ್ಸ್ ಯಂತ್ರಕ್ಕೆ ಹೋಗದೇ ನಿಲ್ತದೆ. ನಾವು 'ವರ್ಷ-ಊರು-ಕಾಗದದ ಬಗೆ' ಅಂತ ಮೂರೇ ಪದ ಇಟ್ಟಿದ್ದೇವೆ. ಇನ್ನೊಂದು ಮಾತು. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹ ಆ ಫಾಂಟ್ ಇಲ್ಲದ ಫೋನಿನಲ್ಲಿ ಗೀಚಿದ ಹಾಗೆ ಕಾಣ್ತದೆ, ಹುಡುಕೋಕೂ ಸಿಗೋದಿಲ್ಲ. ಹಿರಿಯರ ಹೇಳಿಕೆ ಟೈಪ್ ಮಾಡುವವರು ಯುನಿಕೋಡಿನಲ್ಲೇ ಮಾಡಿ.

ಕಾಗದ ಯಾರದ್ದು

ತಂತ್ರಾಂಶದ ಹೋಲಿಕೆ ಇಷ್ಟೇ ಆಗಿದ್ದರೆ ಇಲ್ಲಿಗೆ ಮುಗೀತಿತ್ತು. ಆದರೆ ನಮ್ಮ ತೀರ್ಮಾನ ಆದದ್ದು ಒಬ್ಬ ಅಜ್ಜಿಯ ಪ್ರಶ್ನೆಯಿಂದ. ಮುಳುಗಡೆಗೆ ಮೊದಲಿನ ಒಂದೇ ಒಂದು ಕಂದಾಯ ರಸೀದಿ ಅವರ ಹತ್ತಿರ ಇದೆ. ಫೋಟೊ ತೆಗೆದು, ಮೂರು ಊರಲ್ಲಿ ಇಡ್ತೇವೆ, ಎಲ್ಲೂ ಹೋಗೋದಿಲ್ಲ ಅಂತ ವಿವರಿಸಿದೆವು. ಎಲ್ಲಾ ಕೇಳಿಕೊಂಡು ಅವರು ಕೇಳಿದರು: "ಅಲ್ಲ ತಮ್ಮಾ, ಮೂರೂ ನಿಮ್ಮ ಊರೇ ಆಯ್ತಲ್ಲ. ನಮ್ಮನೇಲಿ ಎಲ್ಲಿ ಇರ್ತದೆ?"

ಇದಕ್ಕೆ ನೆಕ್ಸ್ಟ್‌ಕ್ಲೌಡ್‌ನಲ್ಲೂ ಉತ್ತರ ಇಲ್ಲ, ಸೀಫೈಲ್‌ನಲ್ಲೂ ಇಲ್ಲ. ಗೂಗಲ್ ಬೇಡ ಅಂತ ನಾವು ಸ್ವಂತ ಸರ್ವರ್ ಕಟ್ಟಿಕೊಂಡರೆ ಅದು ನಮಗೆ ಸ್ವಂತ. ಅಜ್ಜಿಯ ಮಟ್ಟಿಗೆ ಗೂಗಲ್ ಹೋಗಿ ನಾವು ಬಂದೆವು ಅಷ್ಟೇ. ನಾಳೆ ನಾವು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ? ನಮಗೂ ಅವರ ಎದುರಾಳಿಗೂ ಸ್ನೇಹ ಆದರೆ?

ಈ ಪ್ರಶ್ನೆ ಹುಂಚದ ನೆಲಕ್ಕೆ ಹೊಸದಲ್ಲ. ಇದು ಸಾಂತರರ ರಾಜಧಾನಿ ಆಗಿದ್ದ ಊರು. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿಯ ಶಾಸನಗಳು ಇನ್ನೂ ನಿಂತಿವೆ. ನಮ್ಮ ಕಡೆಯ ಶಾಸನ ಬಹಳಷ್ಟು ಒಂದು ಥರದ ಜಾಗದ ಕಾಗದವೇ: ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಲ್ಲೆ ಯಾವುದು, ಕಸಿದವನಿಗೆ ಶಾಪ ಏನು. ಅದನ್ನು ಯಾರ ಪೆಟ್ಟಿಗೆಯಲ್ಲೂ ಇಡಲಿಲ್ಲ, ಎಲ್ಲರೂ ನೋಡುವ ಕಡೆ ನಿಲ್ಲಿಸಿದರು. ಬಿ.ಎಲ್. ರೈಸ್ ಅವುಗಳ ಪಾಠವನ್ನು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಈಗ ಕಲ್ಲು ಸವೆದರೂ ಪಾಠ ಉಳಿದಿದೆ.

ಮೂಡುಬಿದಿರೆಯದ್ದು ಇನ್ನೊಂದು ಬಗೆ. ಧವಲಾ, ಜಯಧವಲಾ, ಮಹಾಧವಲಾ ಅನ್ನುವ ಜೈನ ಸಿದ್ಧಾಂತ ಗ್ರಂಥಗಳ ಹಳಗನ್ನಡ ಲಿಪಿಯ ತಾಳೆಗರಿಗಳು ಅಲ್ಲಿಯ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಟ್ಟಲೆ ಭಕ್ತಿಯಿಂದ ಕಾದರು. ಕಾದಿದ್ದರಿಂದಲೇ ಉಳಿಯಿತು, ನಿಜ. ಆದರೂ ಕೆಲವು ಗರಿಗಳು ಕಾಲಕ್ಕೆ ಹೋದವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನಕಲು ಮಾಡೋಕೆ ಶುರುವಾಗಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಗಿ ಬಂದ ಮೇಲೆ ಅದು ಓದುವವರ ಕೈ ಸೇರಿತು. ಒಂದೇ ಕಡೆ ಜೋಪಾನ ಮಾಡೋದು ಅರ್ಧ ಕೆಲಸ. ಇನ್ನೊಂದು ಕೈಗೆ ಪ್ರತಿ ಹೋದಾಗಲೇ ಕೆಲಸ ಪೂರ್ತಿ.

ಆದರೆ ಅಜ್ಜಿಯ ರಸೀದಿ ಶಾಸನ ಅಲ್ಲ. ಎಲ್ಲರಿಗೂ ತೋರಿಸುವ ವಸ್ತುವಲ್ಲ. ಪ್ರತಿ ಹೆಚ್ಚಿರಬೇಕು, ನೋಡುವ ಕಣ್ಣು ಕಡಿಮೆ ಇರಬೇಕು. ಇವೆರಡನ್ನೂ ಒಟ್ಟಿಗೆ ಮಾಡೋದೇ ಕಷ್ಟದ ಕೆಲಸ.

ನಾವು ಮಾಡಿಕೊಂಡ ವ್ಯವಸ್ಥೆ

ಮೊದಲ ಪ್ರತಿ ಮನೆಯವರದ್ದು. ಫೋಟೊ ತೆಗೆದ ಕೂಡಲೇ ಲೋಕಲ್‌ಸೆಂಡ್‌ನಿಂದ ಅವರ ಮನೆಯ ಯಾವುದಾದರೂ ಫೋನಿಗೆ ದಾಟಿಸ್ತೇವೆ. ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಒಂದು ಪೆನ್‌ಡ್ರೈವ್, ಜೊತೆಗೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್. ಅಜ್ಜಿ ಪ್ರಿಂಟನ್ನೇ ಕೇಳಿದರು. "ಇದಾದ್ರೆ ಕರೆಂಟ್ ಬೇಡ ನೋಡು" ಅಂದರು. ಅದಕ್ಕೆ ಎದುರು ಮಾತಿರಲಿಲ್ಲ.

ಎರಡನೇ ಪ್ರತಿ ಮನೆಯವರು ಒಪ್ಪಿದರೆ ಮಾತ್ರ ಸಿಂಕ್‌ಥಿಂಗ್‌ನಲ್ಲಿ ಮೂರು ಊರಿಗೆ ಹೋಗ್ತದೆ. ಯಾವ ಕಾಗದ ಇಟ್ಟಿದ್ದೇವೆ, ಎಲ್ಲೆಲ್ಲಿ ಇದೆ, ಬೇಡ ಅಂದರೆ ಯಾರಿಗೆ ಹೇಳಬೇಕು ಅಂತ ಒಂದು ಚೀಟಿ ಬರೆದು ಕೊಡ್ತೇವೆ. ಬೇಡ ಅಂದ ದಿನ ಅಳಿಸ್ತೇವೆ, ಪಕ್ಕದ ಫೋಲ್ಡರಿನಲ್ಲಿ ಉಳಿದ ಹಳೆ ಪ್ರತಿಯನ್ನೂ ಸೇರಿಸಿ. ಆಧಾರ್ ಕಾರ್ಡಿನ ಫೋಟೊವನ್ನು ತೆಗೆಯೋದೇ ಇಲ್ಲ. ಅದು ಹಳೆ ಕಾಗದ ಅಲ್ಲ, ಬೇಕಾದಾಗ ಹೊಸ ಪ್ರತಿ ಸಿಗ್ತದೆ. ಸುದ್ದಿಗೆ ಯಾವ ಕಾಗದವನ್ನೂ ಕೇಳದೇ ಬಳಸೋದಿಲ್ಲ.

ಮೂರನೇದು, ಮೂರು ತಿಂಗಳಿಗೊಮ್ಮೆ ಒಂದು ಹಾರ್ಡ್ ಡಿಸ್ಕಿಗೆ ಪೂರ್ತಿ ಪ್ರತಿ ಮಾಡಿ, ತಂತಿ ಕಿತ್ತು, ಬೀರುವಿನಲ್ಲಿ ಇಡ್ತೇವೆ. ತಂತಿಯಲ್ಲಿಲ್ಲದ ಡಿಸ್ಕಿಗೆ ಸಿಡಿಲೂ ತಟ್ಟೋದಿಲ್ಲ, ಒಬ್ಬರು ಅಳಿಸಿದ್ದೂ ತಟ್ಟೋದಿಲ್ಲ. ಡಿಸ್ಕಿಗೆ ಪಾಸ್‌ವರ್ಡ್ ಹಾಕಿದ್ದೇವೆ. ಅದನ್ನು ಬರೆದು ಮುಚ್ಚಿದ ಲಕೋಟೆ ಮೂವರಲ್ಲಿ ಇಬ್ಬರ ಹತ್ತಿರ ಇದೆ.

ನೆಕ್ಸ್ಟ್‌ಕ್ಲೌಡನ್ನು ಪೂರ್ತಿ ಬಿಟ್ಟಿಲ್ಲ. ಗ್ರಾಮದ ಅರಣ್ಯ ಹಕ್ಕು ಸಮಿತಿಯೋ ಸಂಘವೋ ಹತ್ತಾರು ಮನೆಯ ಕಾಗದವನ್ನು ಒಟ್ಟಿಗೆ ಸೇರಿಸಬೇಕು ಅಂದರೆ ಅದರ ಹುಂಡಿ ಥರದ ಲಿಂಕ್ ತುಂಬಾ ಉಪಯೋಗ. ಆದರೆ ಅದಕ್ಕೆ ನೋಡಿಕೊಳ್ಳುವ ಒಬ್ಬರು ಬೇಕು, ತಿಂಗಳ ಖರ್ಚಿಗೆ ಹಣ ಬೇಕು. ಎರಡೂ ಇಲ್ಲದೇ ಹುರುಪಿನಲ್ಲಿ ಶುರು ಮಾಡಿದರೆ ಜನ ನಂಬಿ ಕೊಟ್ಟ ಕಾಗದ ಅರ್ಧದಲ್ಲಿ ನಿಲ್ತದೆ.

ನಿಮ್ಮ ಊರಲ್ಲಿ ಇಂಥದ್ದು ಮಾಡಬೇಕು ಅಂತಿದ್ದರೆ ಯಾವ ತಂತ್ರಾಂಶ ಅಂತ ಕೊನೆಗೆ ಕೇಳಿ. ಮೊದಲು ಈ ಮೂರು ಕೇಳಿಕೊಳ್ಳಿ. ನಾವು ಆರು ತಿಂಗಳು ಊರಲ್ಲಿಲ್ಲದಿದ್ದರೆ ಇದು ನಡೀತದಾ? ಡಿಸ್ಕ್ ಬಿಚ್ಚಿದರೆ ಫೈಲ್ ಹಾಗೇ ತೆರೀತದಾ? ಕಾಗದದ ಮನೆಯವರ ಕೈಯಲ್ಲಿ ಒಂದು ಪ್ರತಿ ಇದೆಯಾ? ಮೂರಕ್ಕೂ ಹೌದು ಅಂದರೆ ಯಾವ ತಂತ್ರಾಂಶ ಆದರೂ ನಡೀತದೆ.

ಇಷ್ಟು ಓದಿದ ಮೇಲೆ ಏನೂ ಹಾಕಿಕೊಳ್ಳದಿದ್ದರೂ ಪರವಾಗಿಲ್ಲ. ಈ ಮಳೆ ಹಿಡಿಯೋ ಮೊದಲು ನಿಮ್ಮ ಮನೆ ಟ್ರಂಕು ತೆಗೆದು, ಕಾಗದ ಬಿಸಿಲಿಗೆ ನೇರ ಹಾಕದೇ ನೆರಳಲ್ಲಿ ಆರಿಸಿ, ಹಗಲು ಬೆಳಕಿನಲ್ಲಿ ಎರಡೂ ಬದಿ ಫೋಟೊ ತೆಗೆದು, ಬೇರೆ ಊರಲ್ಲಿರುವ ಮಗಳಿಗೋ ತಮ್ಮನಿಗೋ 'ಡಾಕ್ಯುಮೆಂಟ್' ಅಂತ ಕಳಿಸಿ. ಕಳಿಸಿದ ಮೇಲೆ ಒಂದು ಫೋನ್ ಮಾಡಿ, ತೆರೆದು ನೋಡಿದರಾ, ಸರ್ವೆ ನಂಬರ್ ಓದೋಕೆ ಬರ್ತದಾ ಅಂತ ಕೇಳಿ.